ಭರವಸೆಗೆ ಬೇಕಾದ ನಿನ್ನೆ

ಗುರಿ ಮುಟ್ಟುವ ದಾರಿಗಳು ಹೊಳೆಯಬೇಕು, ಆ ದಾರಿಯಲ್ಲಿ ನಡೆಯಬಲ್ಲೆನೆಂಬ ಛಲವೂ ಇರಬೇಕು. ಇವೆರಡೂ ಕೂಡಿದರೆ ಅದು ಭರವಸೆ. ಅಮೆರಿಕದ ಕ್ಯಾನ್ಸಾಸ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಸಿ.ಆರ್. ಸ್ನೈಡರ್ 1991ರಲ್ಲಿ ಭರವಸೆಯನ್ನು ಅಳೆಯಲು ಪ್ರಶ್ನಾವಳಿ ರೂಪಿಸಿದ್ದು ಈ ತಿಳಿವಳಿಕೆಯ ಮೇಲೆಯೇ. ಅದರ ನಡುವೆ ನಿಂತಿರುವುದು 'ನಾನು'. ತಂದೆತಾಯಿ, ಗೆಳೆಯರು, ದೇವರು ಜೊತೆಗಿದ್ದಾರೆಂಬ ನಂಬಿಕೆಯಿಂದಲೂ ಜನ ಮುಂದೆ ಸಾಗುತ್ತಾರೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ಫಿಲಿಪೀನ್ಸ್‌ನ ಮನೋವಿಜ್ಞಾನಿ ಅಲನ್ ಬರ್ನಾರ್ಡೊ 2010ರಲ್ಲಿ ಈ ಅಳತೆಯನ್ನು ವಿಸ್ತರಿಸಿದರು.

ಒಂದು ಸಮುದಾಯವೇ ತನ್ನತನ ಕಳೆದುಕೊಂಡಾಗ ಭರವಸೆಯ ಗತಿಯೇನು? ಈ ಪ್ರಶ್ನೆಗೆ ಗಟ್ಟಿ ಉತ್ತರ ಸಿಕ್ಕಿದ್ದು ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ. ಅಲ್ಲಿನ ಮೂಲನಿವಾಸಿಗಳ ಮಕ್ಕಳನ್ನು ವಸತಿ ಶಾಲೆಗಳಿಗೆ ಒಯ್ದು ತಾಯ್ನುಡಿಯಿಂದ ದೂರವಿಡಲಾಗಿತ್ತು. ಕರಾವಳಿಯ ಜನ ಊರೊಟ್ಟಿಗೆ ಉಂಡು, ಉಡುಗೊರೆ ಹಂಚಿ ಆಚರಿಸುತ್ತಿದ್ದ 'ಪಾಟ್‌ಲ್ಯಾಚ್' ಉತ್ಸವ 1885ರಿಂದ 1951ರವರೆಗೆ ಕಾನೂನಿನ ಕಣ್ಣಲ್ಲಿ ಅಪರಾಧವಾಗಿತ್ತು.

ಅಲ್ಲಿನ ಮನೋವಿಜ್ಞಾನಿ ಮೈಕೆಲ್ ಚಾಂಡ್ಲರ್ ಹದಿಹರೆಯದವರಿಗೆ 'ಲೆ ಮಿಸರಾಬ್ಲ್'ನಂಥ ಕಥೆಗಳನ್ನು ಕೊಟ್ಟು, ಇಷ್ಟೆಲ್ಲ ಬದಲಾದ ಮೇಲೂ ಕಥಾನಾಯಕ ಜಾನ್ ವಾಲ್‌ಜಾನ್ ಅದೇ ಮನುಷ್ಯ ಹೇಗಾದಾನು ಎಂದು ಕೇಳುತ್ತಿದ್ದರು. ಹೆಚ್ಚಿನವರು ಏನಾದರೊಂದು ಕಾರಣ ಕೊಡುತ್ತಿದ್ದರು. ಆತ್ಮಹತ್ಯೆಯ ಅಂಚಿಗೆ ಹೋಗಿ ಆಸ್ಪತ್ರೆ ಸೇರಿದ್ದವರಲ್ಲಿ ಬಹುಪಾಲು ಜನರಿಗೆ ಕಾರಣವೇ ತೋಚಲಿಲ್ಲ. ನಿನ್ನೆಯ ತನಗೂ ನಾಳೆಯ ತನಗೂ ನಂಟು ಕಾಣದವರಿಗೆ ನಾಳೆಗಾಗಿ ಬದುಕುವುದೇ ಕಷ್ಟ.

ಸಮುದಾಯಕ್ಕೂ ಇದು ಅನ್ವಯಿಸುತ್ತದೆಯೇ ಎಂದು ಚಾಂಡ್ಲರ್ ಮತ್ತು ಕ್ರಿಸ್ಟೋಫರ್ ಲಲೋಂಡ್ ಪ್ರಾಂತ್ಯದ ಸುಮಾರು 200 ಮೂಲನಿವಾಸಿ ಸಮುದಾಯಗಳ ದಾಖಲೆಗಳನ್ನು ಪರಿಶೀಲಿಸಿ, 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ಸ್ವಂತ ಆಡಳಿತ, ನೆಲದ ಹಕ್ಕಿನ ಹೋರಾಟ, ಶಾಲೆ, ಆರೋಗ್ಯ ಸೇವೆ, ಪೊಲೀಸ್ ಮತ್ತು ಅಗ್ನಿಶಾಮಕ ವ್ಯವಸ್ಥೆ, ಸಂಸ್ಕೃತಿ ಕೇಂದ್ರ: ಈ ಆರೂ ಇದ್ದ ಕಡೆ ಅಧ್ಯಯನದ ಅವಧಿಯಲ್ಲಿ ಯುವಜನರ ಆತ್ಮಹತ್ಯೆ ಒಂದೂ ನಡೆದಿರಲಿಲ್ಲ. ಒಂದೂ ಇಲ್ಲದ ಕಡೆ ಪ್ರಮಾಣ ಅತಿ ಹೆಚ್ಚು. ಈ ವ್ಯವಸ್ಥೆಗಳಿಂದಲೇ ಆತ್ಮಹತ್ಯೆ ತಗ್ಗಿತು ಎಂದು ಇಷ್ಟು ಮಾತ್ರದಿಂದ ಸಾಧಿಸಲಾಗದು, ನಿಜ. ಆದರೆ ಮೂಲನಿವಾಸಿಗಳೆಂದರೆ ಹತಾಶರು ಎಂಬ ಸಾರಾಸಗಟು ಮಾತು ಸುಳ್ಳೆಂಬುದಕ್ಕೆ ಇಷ್ಟು ಸಾಕು. ಅರ್ಧಕ್ಕಿಂತ ಹೆಚ್ಚು ಸಮುದಾಯಗಳಲ್ಲಿ ಆ ಅವಧಿಯಲ್ಲಿ ಇಂಥ ಒಂದು ಸಾವೂ ಆಗಿರಲಿಲ್ಲ.

ಚಾಂಡ್ಲರ್ ಮತ್ತು ಲಲೋಂಡ್ ಸಂಶೋಧಕ ಡಾರ್ಸಿ ಹ್ಯಾಲೆಟ್ ಜೊತೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ನುಡಿಯ ಕುರಿತದ್ದು. ಕನಿಷ್ಠ ಅರ್ಧದಷ್ಟು ಜನ ತಮ್ಮ ಮೂಲ ನುಡಿಯಲ್ಲಿ ಮಾತಾಡಬಲ್ಲ ಕೆಲವೇ ಸಮುದಾಯಗಳಲ್ಲಿ ಯುವಜನರ ಆತ್ಮಹತ್ಯೆ ಹೆಚ್ಚುಕಡಿಮೆ ಸೊನ್ನೆಗೆ ಇಳಿದಿತ್ತು.