ಖಾಲಿಯಾಗಿ ಕಾಣುವ ಪೆನ್‌ಡ್ರೈವ್

ಪೆನ್‌ಡ್ರೈವ್ ವರ್ಮ್ ಎಂದರೆ ತನ್ನ ಪ್ರತಿಯನ್ನು ತಾನೇ ಮಾಡಿಕೊಂಡು ಕಂಪ್ಯೂಟರಿನಿಂದ ಪೆನ್‌ಡ್ರೈವಿಗೆ, ಅಲ್ಲಿಂದ ಇನ್ನೊಂದು ಕಂಪ್ಯೂಟರಿಗೆ ದಾಟುವ ಪುಟ್ಟ ಪ್ರೋಗ್ರಾಂ. ಅದು ಹರಡಲು ಇಂಟರ್ನೆಟ್ ಕೂಡ ಬೇಕಿಲ್ಲ, ಪೆನ್‌ಡ್ರೈವು ಕೈಯಿಂದ ಕೈಗೆ ಹೋಗುತ್ತಿದ್ದರೆ ಸಾಕು. ಚಿತ್ರದುರ್ಗ ತಾಲ್ಲೂಕಿನ ಹಿರೇಗುಂಟನೂರಿನಂಥ ಹೋಬಳಿ ಕೇಂದ್ರಗಳಲ್ಲಿ ಲಗ್ನಪತ್ರಿಕೆಯ ನುಡಿ ಫೈಲು, ಕಾಲೇಜಿನ ಪ್ರಾಜೆಕ್ಟ್ ವರದಿ, ಸ್ಕ್ಯಾನ್ ಮಾಡಿಸಿದ ಪಹಣಿ, ಟ್ರ್ಯಾಕ್ಟರಿನಲ್ಲಿ ಕೇಳುವ ಹಾಡು ಎಲ್ಲವೂ ಓಡಾಡುವುದು ಹೀಗೆಯೇ. ದಿನವಿಡೀ ಹತ್ತಾರು ಜನರ ಪೆನ್‌ಡ್ರೈವು ಚುಚ್ಚಿಸಿಕೊಳ್ಳುವ ಜೆರಾಕ್ಸ್ ಅಂಗಡಿಯ ಒಂದು ಕಂಪ್ಯೂಟರಿಗೆ ಸೋಂಕು ತಗುಲಿದರೆ ಸುತ್ತಲಿನ ಹಳ್ಳಿಗಳಿಗೆಲ್ಲ ಅದು ತಲುಪುತ್ತದೆ. ಟ್ರ್ಯಾಕ್ಟರಿನ ಮ್ಯೂಸಿಕ್ ಪ್ಲೇಯರಿನಲ್ಲಿ ವಿಂಡೋಸ್ ಇರುವುದಿಲ್ಲವಾದ್ದರಿಂದ ಅಲ್ಲಿ ವರ್ಮ್ ಓಡದು. ಆದರೆ ಹಾಡಿನ ಜೊತೆ ಪೆನ್‌ಡ್ರೈವಿನಲ್ಲೇ ಕುಳಿತು ಮುಂದಿನ ಕಂಪ್ಯೂಟರಿಗಾಗಿ ಕಾಯುತ್ತದೆ.

ಮೊದಲ ತಲೆಮಾರಿನ ವರ್ಮ್‌ಗಳು ನೆಚ್ಚಿಕೊಂಡಿದ್ದು ವಿಂಡೋಸಿನ ಆಟೋರನ್ ಸೌಲಭ್ಯವನ್ನು. ಸಿಡಿ ಹಾಕಿದ ಕೂಡಲೇ ಅದರೊಳಗಿನ ಪ್ರೋಗ್ರಾಂ ತಾನಾಗಿ ಶುರುವಾಗಲೆಂದು ಮಾಡಿದ್ದ ಈ ಏರ್ಪಾಡು ಪೆನ್‌ಡ್ರೈವಿನ ಕಾಲದಲ್ಲಿ ಕಳ್ಳದಾರಿಯಾಯಿತು. 2008ರ ನವೆಂಬರಿನಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ಎಂಬ ವರ್ಮ್ ಮೊದಲಿಗೆ ನೆಟ್‌ವರ್ಕ್ ಮೂಲಕ ಹರಡಿತು, ಆ ವರ್ಷದ ಕೊನೆಗೆ ಬಂದ ಅದರ ಎರಡನೆಯ ರೂಪ ಪೆನ್‌ಡ್ರೈವನ್ನೂ ಹಿಡಿಯಿತು. ಪೆನ್‌ಡ್ರೈವ್ ಹಾಕಿದಾಗ ಏಳುವ ಕಿಟಕಿಯಲ್ಲಿ ಫೈಲುಗಳನ್ನು ನೋಡಲು ಫೋಲ್ಡರ್ ತೆರೆಯಿರಿ ಎಂಬ ಸುಳ್ಳು ಸಾಲೊಂದನ್ನು ಅದು ಸೇರಿಸುತ್ತಿತ್ತು. ಸಾಲಿನ ಪಕ್ಕದಲ್ಲಿ ಫೋಲ್ಡರಿನ ಚಿತ್ರವೂ ಇರುತ್ತಿತ್ತು, ಒತ್ತಿದರೆ ಓಡುತ್ತಿದ್ದುದು ಮಾತ್ರ ವರ್ಮ್. ವಿಂಡೋಸ್ 7ರಲ್ಲಿ ಪೆನ್‌ಡ್ರೈವುಗಳಿಗೆ ಆಟೋರನ್ ನಿಲ್ಲಿಸಲಾಯಿತು. 2011ರ ಫೆಬ್ರವರಿಯಲ್ಲಿ ಹಳೆಯ ಎಕ್ಸ್‌ಪಿ, ವಿಸ್ಟಾಗಳಿಗೂ ಅದೇ ತಿದ್ದುಪಡಿ ಬಂತು.

ಅಷ್ಟರಲ್ಲಿ ಹೊಸ ದಾರಿ ಸಿಕ್ಕಿಯಾಗಿತ್ತು. 2010ರಲ್ಲಿ ಬೆಲಾರಸ್ಸಿನ ಕಂಪನಿಯೊಂದು ಪತ್ತೆ ಹಚ್ಚಿದ ಸ್ಟಕ್ಸ್‌ನೆಟ್ ಎಂಬ ವರ್ಮ್, ಶಾರ್ಟ್‌ಕಟ್‌ನ (ಬೇರೆಡೆ ಇರುವ ಫೈಲನ್ನು ತೆರೆಯುವ ಕೊಂಡಿಯ) ಚಿತ್ರವನ್ನು ವಿಂಡೋಸ್ ತೋರಿಸುವ ಕ್ರಮದಲ್ಲಿದ್ದ ದೋಷವನ್ನೇ ಬಳಸಿಕೊಂಡಿತ್ತು. ಏನನ್ನೂ ಒತ್ತಬೇಕಿರಲಿಲ್ಲ, ಪೆನ್‌ಡ್ರೈವಿನ ಫೋಲ್ಡರನ್ನು ತೆರೆದು ನೋಡಿದರೆ ಸಾಕಿತ್ತು. ಅದರ ಗುರಿ ಇರಾನಿನ ನತಾಂಜ್‌ನ ಯುರೇನಿಯಂ ಸಂವರ್ಧನಾ ಕೇಂದ್ರ. ಆದರೂ ಸೋಂಕು ತಗುಲಿದ ಕಂಪ್ಯೂಟರುಗಳ ಲೆಕ್ಕದಲ್ಲಿ ಇರಾನ್, ಇಂಡೋನೇಷ್ಯಾಗಳ ನಂತರ ಮೂರನೆಯದಾಗಿ ನಿಂತದ್ದು ಭಾರತ. ಗುರಿಯಲ್ಲದ ದೇಶವೂ ಇಷ್ಟು ಪೆಟ್ಟು ತಿಂದಿತೆಂಬುದನ್ನು ಮರೆಯುವಂತಿಲ್ಲ.

ಇಂದಿಗೂ ಊರೂರಲ್ಲಿ ಕಾಡುತ್ತಿರುವುದು ಇದಕ್ಕಿಂತ ಸರಳವಾದ ಜಾತಿ. ಜನ ಅದನ್ನು ಶಾರ್ಟ್‌ಕಟ್ ವೈರಸ್ ಎನ್ನುತ್ತಾರೆ. ಅದು ಪೆನ್‌ಡ್ರೈವಿನಲ್ಲಿರುವ ಅಸಲಿ ಫೋಲ್ಡರುಗಳನ್ನು ಮರೆಮಾಡಿ, ಅದೇ ಹೆಸರಿನ ಶಾರ್ಟ್‌ಕಟ್‌ಗಳನ್ನು ಅಲ್ಲಿ ಇಡುತ್ತದೆ. ಶಾರ್ಟ್‌ಕಟ್ ಒತ್ತಿದಾಗ ಮೊದಲು ವರ್ಮ್ ಓಡುತ್ತದೆ, ಬೆನ್ನಿಗೇ ಅಸಲಿ ಫೋಲ್ಡರೂ ತೆರೆದುಕೊಳ್ಳುತ್ತದೆ. ಕೆಲಸ ಎಂದಿನಂತೆ ನಡೆಯುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಗಮಾರು ಎಂಬ ವರ್ಮ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೆಸರೇ ಕಾಣದ ಗುಪ್ತ ಫೋಲ್ಡರೊಂದನ್ನು ಮಾಡಿ ಎಲ್ಲವನ್ನೂ ಅದರೊಳಗೆ ತಳ್ಳುತ್ತಿತ್ತು. ಹೊರಗೆ ಉಳಿಯುತ್ತಿದ್ದುದು ಪೆನ್‌ಡ್ರೈವಿನ ಹೆಸರು ಹೊತ್ತ ಒಂದೇ ಶಾರ್ಟ್‌ಕಟ್. ಬೇರೆ ಬೇರೆ ಕುತಂತ್ರಾಂಶಗಳನ್ನು ಕಂಪ್ಯೂಟರಿಗೆ ಇಳಿಸುವುದು ಅದರ ಕಸುಬು. 2017ರ ನವೆಂಬರಿನಲ್ಲಿ ಎಫ್‌ಬಿಐ, ಯುರೋಪೋಲ್, ಮೈಕ್ರೋಸಾಫ್ಟ್ ಮೊದಲಾದವರು ಸೇರಿ ಅದರ ಜಾಲವನ್ನು ಮುರಿದರು.

ಇಲ್ಲಿ ಜನ ದುಡುಕುವುದು ಒಂದೇ ಕಡೆ: ಪೆನ್‌ಡ್ರೈವ್ ಖಾಲಿ ಕಂಡಿತೆಂದು ಫಾರ್ಮ್ಯಾಟ್ ಮಾಡಿಬಿಡುತ್ತಾರೆ. ಆಂಟಿವೈರಸ್ ಶಾರ್ಟ್‌ಕಟ್‌ಗಳನ್ನು ಅಳಿಸಿದ ಮೇಲೆ ಪೆನ್‌ಡ್ರೈವ್ ಬರಿದಾಗಿ ಕಾಣುವುದು ಸಹಜ, ಆದರೆ ಫೈಲುಗಳು ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ಎಷ್ಟು ಜಾಗ ಬಳಕೆಯಾಗಿದೆ ಎಂದು ನೋಡಿದರೆ ಅದು ತಿಳಿಯುತ್ತದೆ. ಓಟಿಜಿ ಕೇಬಲ್ಲಿನಿಂದ ಆಂಡ್ರಾಯ್ಡ್ ಫೋನಿಗೆ ಜೋಡಿಸಿದರೆ, ಇಲ್ಲವೇ ಉಬುಂಟು ಇರುವ ಕಂಪ್ಯೂಟರಿಗೆ ಹಾಕಿದರೆ, ಮರೆಯಾದ ಫೋಲ್ಡರುಗಳು ಸಾಮಾನ್ಯವಾಗಿ ನೇರವಾಗಿಯೇ ಕಾಣುತ್ತವೆ. ಫೈಲನ್ನು ಮರೆಮಾಡುವ ವಿಂಡೋಸಿನ ಗುಪ್ತ ಗುರುತನ್ನು ಆಂಡ್ರಾಯ್ಡ್, ಉಬುಂಟುಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ವಿಂಡೋಸಿನ ಈ ಜಾತಿಯ ವರ್ಮ್ ಅಲ್ಲಿ ಓಡುವುದೂ ಇಲ್ಲ.

ತೆಗೆಯುವ ಕೆಲಸ ಕಂಪ್ಯೂಟರಿನಿಂದ ಶುರುವಾಗಬೇಕು. ಅಲ್ಲಿ ವರ್ಮ್ ಓಡುತ್ತಿರುವಾಗಲೇ ಪೆನ್‌ಡ್ರೈವನ್ನು ಮಾತ್ರ ಶುಚಿ ಮಾಡುವುದು ಬೇರು ಬಿಟ್ಟು ಗರಿಕೆ ಕೊಯ್ದಂತೆ, ಅಳಿಸಿದ ಶಾರ್ಟ್‌ಕಟ್‌ಗಳು ಕ್ಷಣದಲ್ಲಿ ಮತ್ತೆ ಹುಟ್ಟುತ್ತವೆ. ಮೊದಲು ಪೆನ್‌ಡ್ರೈವುಗಳನ್ನೆಲ್ಲ ಕಳಚಿ, ಆಂಟಿವೈರಸ್‌ನ ಹೊಸ ಮಾಹಿತಿಯನ್ನು ಇಳಿಸಿಕೊಂಡು, ನಂತರ ಇಂಟರ್ನೆಟ್ ನಿಲ್ಲಿಸಿ ಪೂರ್ತಿ ತಪಾಸಣೆ ಮಾಡಬೇಕು. ವಿಂಡೋಸ್ 10, 11ರ ಜೊತೆಗೇ ಬರುವ ಡಿಫೆಂಡರ್ ಆಂಟಿವೈರಸ್‌ನಲ್ಲಿ ಆಫ್‌ಲೈನ್ ತಪಾಸಣೆ ಎಂಬ ಆಯ್ಕೆಯಿದೆ. ವಿಂಡೋಸ್ ಏಳುವ ಮೊದಲೇ ಅದು ಕೆಲಸ ಮಾಡುವುದರಿಂದ ವರ್ಮ್‌ಗೆ ಅಡ್ಡಿಪಡಿಸುವ ಅವಕಾಶವಿರುವುದಿಲ್ಲ. ಕಂಪ್ಯೂಟರ್ ಆನ್ ಆದಾಗ ತಾವಾಗಿ ಶುರುವಾಗುವ ಪ್ರೋಗ್ರಾಂಗಳ ಪಟ್ಟಿ, ನಿಗದಿತ ಸಮಯಕ್ಕೆ ನಡೆಯುವ ಕೆಲಸಗಳ ಪಟ್ಟಿ ಎರಡನ್ನೂ ನೋಡಿ, ವರ್ಮ್ ಅಲ್ಲಿ ಬಿಟ್ಟುಹೋದ ಸಾಲುಗಳನ್ನು ತೆಗೆಯಬೇಕು.

ಪೆನ್‌ಡ್ರೈವಿನ ಸರದಿ ಅನಂತರದ್ದು. ಅದನ್ನು ಹಾಕಿ, ಯಾವ ಶಾರ್ಟ್‌ಕಟ್ಟನ್ನೂ ಒತ್ತದೆ ತಪಾಸಣೆ ಮಾಡಬೇಕು. ಗುಪ್ತ ಫೈಲು ತೋರಿಸುವ ಆಯ್ಕೆಯೊಂದೇ ಇಲ್ಲಿ ಸಾಲದು. ವರ್ಮ್ ಫೋಲ್ಡರುಗಳಿಗೆ ವಿಂಡೋಸಿನ ಸ್ವಂತ ಫೈಲುಗಳ ಗುರುತನ್ನೂ ಹಚ್ಚಿರುವುದರಿಂದ, ಅಂಥ ಫೈಲುಗಳನ್ನು ಬಚ್ಚಿಡುವ ಆಯ್ಕೆಯನ್ನೂ ತೆಗೆಯಬೇಕಾಗುತ್ತದೆ. ಈ ಗುರುತುಗಳನ್ನು ಒಟ್ಟಿಗೆ ಅಳಿಸಲು ಕಮಾಂಡ್ ಪ್ರಾಂಪ್ಟಿನಲ್ಲಿ ಅಟ್ರಿಬ್ ಎಂಬ ಆದೇಶವಿದೆ. ಬಳಿಕ ಅಸಲಿ ಫೈಲುಗಳನ್ನಷ್ಟೇ ಬೇರೆಡೆಗೆ ನಕಲು ಮಾಡಿಕೊಂಡು, ಅವು ತೆರೆಯುತ್ತವೆಯೇ ಎಂದು ನೋಡಿ, ಆಮೇಲೆ ಪೆನ್‌ಡ್ರೈವನ್ನು ಧಾರಾಳವಾಗಿ ಫಾರ್ಮ್ಯಾಟ್ ಮಾಡಬಹುದು. ಆ ಕಂಪ್ಯೂಟರಿನಲ್ಲಿ ಬ್ಯಾಂಕಿನ ವ್ಯವಹಾರ ನಡೆದಿದ್ದರೆ ಪಾಸ್‌ವರ್ಡನ್ನು ಸೋಂಕಿಲ್ಲದ ಬೇರೆ ಸಾಧನದಿಂದ ಬದಲಿಸಬೇಕು.

ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರವು ಸೋಂಕು ತೆಗೆಯುವ ತಂತ್ರಾಂಶಗಳನ್ನು ಉಚಿತವಾಗಿ ಕೊಡುತ್ತದೆ. ಕಂಪ್ಯೂಟರಿಗೆ ಚುಚ್ಚುವ ಪೆನ್‌ಡ್ರೈವುಗಳ ಮೇಲೆ ಹಿಡಿತವಿಡಲು ಸರ್ಕಾರಿ ಸಂಸ್ಥೆ ಸಿ-ಡ್ಯಾಕ್ ರೂಪಿಸಿದ ಯುಎಸ್‌ಬಿ ಪ್ರತಿರೋಧ ಎಂಬ ತಂತ್ರಾಂಶವೂ ಅಲ್ಲಿ ಸಿಗುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಇನ್ನೂ ವಿಂಡೋಸ್ 7 ಓಡುತ್ತಿದ್ದರೆ, ಅದಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಭದ್ರತಾ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ. ಅಂಥ ಕಡೆಗೆ ಪ್ರಿಂಟಿಗೆಂದು ಒಯ್ಯುವ ಪೆನ್‌ಡ್ರೈವಿನಲ್ಲಿ ಆ ಒಂದು ಫೈಲನ್ನು ಬಿಟ್ಟು ಬೇರೇನೂ ಇಲ್ಲದಿರುವುದು ಒಳ್ಳೆಯದು.