ಕೆಂಪಗೆ ಕಾದ ಉಕ್ಕು ಸೀಳುವುದೇಕೆ?

ಕಾದ ಉಕ್ಕು ಬಡಿದಂತೆ ಬಾಗುತ್ತದೆ ಎಂಬ ನಂಬಿಕೆಯ ಮೇಲೆಯೇ ಕಮ್ಮಾರಿಕೆ ನಿಂತಿದೆ. ಆದರೆ ತಣ್ಣಗಿರುವಾಗ ಗಟ್ಟಿಮುಟ್ಟಾಗಿರುವ ಕೆಲವು ಬಗೆಯ ಉಕ್ಕು ಕೆಂಪಗೆ ಕಾದಾಗಲೇ ಅಂಚಿನಿಂದ ಸೀಳುತ್ತದೆ. ಫೋರ್ಜಿಂಗ್ ಕಾರ್ಖಾನೆಗಳಲ್ಲಿ ಇದನ್ನು ‘ಹಾಟ್ ಶಾರ್ಟ್‌ನೆಸ್’ ಎನ್ನುತ್ತಾರೆ. ಬಡಿದವನ ಕೈಯನ್ನು ದೂರುವ ಮೊದಲು ಲೋಹದ ಒಳಗೆ ಏನಿದೆಯೆಂದು ನೋಡಬೇಕು. ಅದಿರು ಮತ್ತು ಕಲ್ಲಿದ್ದಲಿನಿಂದ ಬರುವ ಗಂಧಕ ಕಬ್ಬಿಣದೊಡನೆ ಕೂಡಿದರೆ, ಆ ಮಿಶ್ರಣ 988 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ. ಉಕ್ಕನ್ನು ರೋಲಿಂಗ್‌ಗೆ ಕಾಯಿಸುವುದು ಸುಮಾರು 1,100ರಿಂದ 1,250 ಡಿಗ್ರಿಗೆ. ಆಗ ಲೋಹದ ಹರಳುಗಳ ನಡುವಿನ ತೆಳುಪದರ ದ್ರವವಾಗಿರುತ್ತದೆ. ಗಾರೆ ಕರಗಿದ ಇಟ್ಟಿಗೆ ಗೋಡೆಯಂತೆ, ಹರಳುಗಳು ಗಟ್ಟಿಯಾಗಿದ್ದರೂ ಒಂದೇ ಏಟಿಗೆ ಕಳಚಿಕೊಳ್ಳುತ್ತವೆ.

ಇಂಗ್ಲೆಂಡಿನ ಹೆನ್ರಿ ಬೆಸೆಮರ್ 1856ರಲ್ಲಿ ಬೀಡುಕಬ್ಬಿಣಕ್ಕೆ ಗಾಳಿ ಊದಿ ಅಗ್ಗದ ಉಕ್ಕು ಮಾಡುವ ವಿಧಾನ ಪ್ರಕಟಿಸಿದಾಗ, ಲೈಸೆನ್ಸ್ ಪಡೆದವರ ಕೈಯಲ್ಲಿ ಅದು ಸೋತಿತು. ತಣ್ಣನೆಯ ಉಕ್ಕು ಒಡೆಯಲು ರಂಜಕ ಕಾರಣವಾದರೆ, ಕಾದ ಉಕ್ಕು ಸೀಳಲು ಗಂಧಕ ಮತ್ತು ಊದಿದ ಗಾಳಿಯಿಂದ ಉಳಿದ ಆಮ್ಲಜನಕ ಕಾರಣ. ರಾಬರ್ಟ್ ಮುಷೆಟ್ ಅದೇ ವರ್ಷ ಮ್ಯಾಂಗನೀಸ್ ತುಂಬಿದ ಬೀಡುಕಬ್ಬಿಣವನ್ನು ಕೊನೆಯಲ್ಲಿ ಬೆರೆಸಿ ಈ ಎರಡನೆಯ ದೋಷಕ್ಕೆ ಮದ್ದು ಕಂಡುಹಿಡಿದರು. ಮ್ಯಾಂಗನೀಸ್ ಆಮ್ಲಜನಕವನ್ನು ಹೊರಗೆಳೆಯುತ್ತದೆ. ಗಂಧಕವನ್ನು ತಾನೇ ಹಿಡಿದು, ಸುಮಾರು 1,600 ಡಿಗ್ರಿಯವರೆಗೂ ಕರಗದ ಬಿಡಿ ಕಣಗಳಾಗಿಸುತ್ತದೆ. ನಮ್ಮ ಸಂಡೂರಿನ ಗುಡ್ಡಗಳ ಮ್ಯಾಂಗನೀಸ್ ಅದಿರಿಗೆ ಉಕ್ಕಿನ ಉದ್ಯಮದಲ್ಲಿ ಬೇಡಿಕೆ ಬಂದದ್ದರಲ್ಲಿ ಈ ಗುಣದ ಪಾಲೂ ಇದೆ.

ಗಂಧಕವನ್ನೇ ಪೂರ್ತಿ ತೆಗೆದರಾಗದೇ ಎಂದು ಕೇಳಬಹುದು. ಇಂದಿನ ಕಾರ್ಖಾನೆಗಳು ಅದನ್ನು ಬಹಳ ಇಳಿಸಿವೆ, ಆದರೆ ಕೊನೆಯ ಅಂಶದವರೆಗೂ ತೆಗೆಯುವುದು ದುಬಾರಿ. ಲೇತ್‌ನಲ್ಲಿ ಸುಲಭವಾಗಿ ಕಡಿಯಲೆಂದು ಗಂಧಕವನ್ನು ಬೇಕೆಂದೇ ಸೇರಿಸುವ ಉಕ್ಕೂ ಇದೆ; ಅದನ್ನೂ ಕಾಯುವುದು ಮ್ಯಾಂಗನೀಸೇ. ಕಾವು ತಗ್ಗಿಸಿದರೆ ಸಾಲದೇ ಎಂದರೆ, ಆಗ ಉಕ್ಕು ಬಿರುಸಾಗಿ ಯಂತ್ರದ ಹೊರೆ ಏರುತ್ತದೆ. ಕಾದ ಉಕ್ಕನ್ನು ಹೀಗೆಯೇ ಸೀಳಿಸುವ ಇನ್ನೊಂದು ಲೋಹ, ಗುಜರಿಯೊಡನೆ ಬರುವ ತಾಮ್ರ; ಅದಕ್ಕೆ ಮ್ಯಾಂಗನೀಸಿನ ಮದ್ದು ನಾಟುವುದಿಲ್ಲ. ಕುಲುಮೆಯಲ್ಲಿ ಮೇಲ್ಮೈಯ ಕಬ್ಬಿಣ ಉರಿದು ಹೊಪ್ಪಳೆಯಾದಾಗ, ಉರಿಯದ ತಾಮ್ರ ಅದರಡಿ ಶೇಖರವಾಗಿ, ಕರಗಿ ಹರಳುಗಳ ಸಂದಿಗೆ ಇಳಿಯುತ್ತದೆ. ನಿಕ್ಕೆಲ್ ಸೇರಿಸಿ ಇದನ್ನು ತಡೆಯಬಹುದು, ಆದರೆ ಅದು ತುಟ್ಟಿ. ಆಮ್ಲಜನಕ ಊದಿದರೆ ತಾಮ್ರಕ್ಕಿಂತ ಮೊದಲು ಕಬ್ಬಿಣವೇ ಉರಿಯುವುದರಿಂದ, ಒಮ್ಮೆ ಬೆರೆತ ತಾಮ್ರವನ್ನು ಉಕ್ಕಿನ ಕುಲುಮೆ ಹೊರಹಾಕಲಾರದು. ಹಾಗಾಗಿ ಹಳೆಯ ಮೋಟಾರನ್ನು ಗುಜರಿಗೆ ಹಾಕುವವರು ತಾಮ್ರದ ತಂತಿಯನ್ನು ಮೊದಲೇ ಬಿಡಿಸಿಡಲಿ. ಒಳ್ಳೆಯ ಉಕ್ಕಿನ ಕೆಲಸ ಗುಜರಿ ಅಂಗಡಿಯಲ್ಲೇ ಶುರುವಾಗಬೇಕು.