ಬಂಡೆ ಎತ್ತೋರು ಯಾರು?

ವಿಜಯನಗರ ಜಿಲ್ಲೆಯ ಪಶ್ಚಿಮದ ಕಡೆ ಸುತ್ತಿ ಬಂದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದರಲ್ಲಿ ಒಂದೂರಿನ ಕಥೆ ಹೇಳ್ತೀನಿ. ಊರಿನ ಹೆಸರು ಮಾತ್ರ ಕೇಳಬೇಡಿ. ಹೇಳಿಬಿಟ್ರೆ ಉಳಿದ ನಾಲ್ಕೂರಿನವರು ‘ನಮ್ದಲ್ಲ ಬಿಡು’ ಅಂತ ನೆಮ್ಮದಿಯಾಗಿ ಮಲಗಿಬಿಡ್ತೀರಿ.

ಬಜಾರ್ ರಸ್ತೆ. ಮಳೆ ನಿಂತು ಎರಡು ದಿನ ಆಗಿತ್ತು. ಚರಂಡಿ ನೀರು ಮಾತ್ರ ಇನ್ನೂ ರಸ್ತೆ ಮೇಲೇ ಇತ್ತು. ಒಬ್ಬ ಕಿರಾಣಿ ಅಂಗಡಿ ಯಜಮಾನರು ನಮ್ಮ ಕ್ಯಾಮೆರಾ ಕಂಡು ಓಡಿ ಬಂದ್ರು. ‘ಮೂರು ಸಲ ಅರ್ಜಿ ಕೊಟ್ಟೀನ್ರಿ ಸರ್, ಒಬ್ರೂ ತಿರುಗಿ ನೋಡಿಲ್ಲ’ ಅಂದ್ರು. ಸಿಟ್ಟು ನ್ಯಾಯವಾದದ್ದೇ. ಆದರೆ ನನ್ನ ಕಣ್ಣು ಅವರ ಅಂಗಡಿ ಮುಂದಿನ ಕಲ್ಲುಬಂಡೆ ಮೇಲೆ ಬಿತ್ತು. ಚರಂಡಿ ಪೂರ್ತಿ ಮುಚ್ಚಿ, ಮೇಲೆ ಸಿಮೆಂಟ್ ಮೆತ್ತಿದ್ರು. ‘ಇದನ್ನ ತೆಗೆದ್ರೆ ಅರ್ಧ ನೀರು ಹರಿಯುತ್ತಲ್ವಾ ಯಜಮಾನ್ರೇ?’ ಅಂತ ಕೇಳಿದೆ. ಅವರು ಆ ಕಡೆ ಕೈ ತೋರಿಸಿದ್ರು. ‘ನಂದೊಬ್ಬಂದೇ ಯಾಕ್ ತೆಗೀಬೇಕ್ರಿ? ಮೊದಲು ಆ ತುದೀಲಿರೋ ದೊಡ್ಡೋರು ತೆಗೀಲಿ.’

ಈ ಉತ್ತರವನ್ನ ನಾನು ತಮಾಷೆಯಾಗಿ ತಗೊಳ್ಳಲಿಲ್ಲ. ನಮ್ಮ ಸಣ್ಣ ಪಟ್ಟಣಗಳ ರೋಗದ ಮೂಲ ಆ ಒಂದು ಮಾತಲ್ಲೇ ಇದೆ.

ಚರಂಡಿ ಯಾರ ಕೆಲಸ? ಕಾನೂನಿನಲ್ಲಿ ಗೊಂದಲ ಇಲ್ಲ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ 87ನೇ ಕಲಂ ಪುರಸಭೆಯ ಕಡ್ಡಾಯ ಕರ್ತವ್ಯಗಳನ್ನ ಪಟ್ಟಿ ಮಾಡುತ್ತೆ. ಬೀದಿ ದೀಪ, ಕಸ, ಚರಂಡಿ, ಕುಡಿಯುವ ನೀರು, ರಸ್ತೆಗೆ ಅಡ್ಡಬಂದಿದ್ದನ್ನ ತೆರವು ಮಾಡೋದು, ಎಲ್ಲಾ ಅದರಲ್ಲಿದೆ. ಹಣ ಉಳಿದ್ರೆ ಮಾಡೋಣ ಅನ್ನೋ ಕೆಲಸಗಳಿಗೆ ಬೇರೆ ಕಲಂ ಇದೆ, 91ನೇದು. ಅಂದ್ರೆ ಪಾರ್ಕಿಗೆ ಬಣ್ಣ ಬಳಿಯೋದು ಆಮೇಲೆ, ಚರಂಡಿ ಮೊದಲು. ಒತ್ತುವರಿ ಮಾಡಿದವರಿಗೆ ನೋಟಿಸ್ ಕೊಟ್ಟು, ಕೇಳದಿದ್ರೆ ತಾವೇ ತೆಗೆಸಿ ಖರ್ಚು ವಸೂಲಿ ಮಾಡೋ ಅಧಿಕಾರಾನೂ ಇದೆ.

ಹಾಗಾದ್ರೆ ಯಾಕೆ ಆಗಲ್ಲ? ನನಗೆ ಕಂಡಿದ್ದು ಮೂರು ಕಾರಣ.

ಒಂದು, ಕೈಗಳು ಸಾಲಲ್ಲ. 700 ಜನಕ್ಕೆ ಒಬ್ಬ ಪೌರಕಾರ್ಮಿಕ ಅನ್ನೋದು ನಮ್ಮ ಸರ್ಕಾರದ್ದೇ ಲೆಕ್ಕ. 35 ಸಾವಿರ ಜನ ಇರೋ ಊರಿಗೆ 50 ಮಂದಿ ಬೇಕು. ನಿಮ್ಮೂರಲ್ಲಿ ಎಷ್ಟಿದಾರೆ, ಒಮ್ಮೆ ಕೇಳಿ ನೋಡಿ. ಪ್ರತಿ ಸೆಪ್ಟೆಂಬರ್ 23ಕ್ಕೆ ಪೌರಕಾರ್ಮಿಕರ ದಿನ ಅಂತ ಶಾಲು ಹೊದಿಸ್ತೀವಿ. ಮಾರನೇ ದಿನ ಅದೇ ಮನುಷ್ಯ ಸಿಮೆಂಟ್ ಮೆತ್ತಿದ ಬಂಡೆ ಸಂದಿಗೆ ಕೋಲು ತೂರಿಸ್ತಾ ನಿಂತಿರ್ತಾನೆ.

ಎರಡು, ನೋಟಿಸ್‌ಗೆ ಸಹಿ ಹಾಕೋ ಮುಖ್ಯಾಧಿಕಾರಿಗೆ ಒಂದೇ ದಿನ ನಾಲ್ಕು ಫೋನ್ ಬರುತ್ತೆ. ಸಣ್ಣ ಊರಲ್ಲಿ ಎಲ್ಲರೂ ಎಲ್ಲರಿಗೂ ಬೀಗರೋ, ನೆಂಟರೋ, ಓಟು ಹಾಕಿದೋರೋ ಆಗಿರ್ತಾರೆ.

ಮೂರನೇದು ಹೆಚ್ಚು ಜನಕ್ಕೆ ಗೊತ್ತಿಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿಗಳನ್ನ ಕಡ್ಡಾಯ ಮಾಡಿದ್ದು ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆ ಇರೋ ನಗರಗಳಿಗೆ. ನಮ್ಮ ಐದೂ ಊರು ಆ ಲೆಕ್ಕದಿಂದ ಹೊರಗೆ. ಬೆಂಗಳೂರಿನವರಿಗೆ ಕೂತು ಕೇಳೋಕೆ ಕಾನೂನೇ ಒಂದು ಜಾಗ ಕೊಟ್ಟಿದೆ. ಕೊಟ್ಟೂರಿನವರು ಸದಸ್ಯರ ಮನೆ ಬಾಗಿಲು ಕಾಯಬೇಕು.

‘ಚರಂಡಿ ವಿಷಯಕ್ಕೆ ಇಷ್ಟೊಂದು ಮಾತಾ?’ ಅಂತ ಅನ್ನಿಸಬಹುದು. ಹಡಗಲಿ ತಾಲ್ಲೂಕಿನ ಮಕರಬ್ಬಿಯನ್ನ ಮರೆತಿಲ್ಲ ತಾನೇ? 2021ರಲ್ಲಿ ಕಲುಷಿತ ನೀರು ಕುಡಿದು ಆ ಊರಲ್ಲಿ ಆರು ಜನ ಜೀವ ಬಿಟ್ರು. ಅದು ಹಳ್ಳಿ, ಅಲ್ಲಿ ಪುರಸಭೆ ಇಲ್ಲ ನಿಜ. ಆದರೆ ನೀರಿಗೆ ಹಳ್ಳಿ, ಪಟ್ಟಣ ಅನ್ನೋ ಭೇದ ಇಲ್ಲ. ನಮ್ಮಲ್ಲಿ ನಳದ ನೀರು ದಿನದ 24 ಗಂಟೆ ಬರಲ್ಲ. ನೀರು ಬಿಟ್ಟಾಗ ಪೈಪಿನೊಳಗೆ ಒತ್ತಡ ಇರುತ್ತೆ, ತೂತಿದ್ರೆ ನೀರು ಹೊರಗೆ ಸೋರುತ್ತೆ. ನೀರು ನಿಲ್ಲಿಸಿದಾಗ ಒತ್ತಡ ಬಿದ್ದು ಹೋಗುತ್ತೆ. ಆಗ ಅದೇ ತೂತಿಂದ ಹೊರಗಿನ ಕೊಳಚೆ ಒಳಗೆ ಎಳೆದುಕೊಳ್ಳುತ್ತೆ. ಆ ಪೈಪು ಕಟ್ಟಿಕೊಂಡ ಚರಂಡಿಯಲ್ಲೇ ಹಾದುಹೋಗಿದ್ರೆ? ಮಾರನೇ ಸಲ ನಳ ಬಿಟ್ಟಾಗ ಮೊದಲ ಕೊಡದಲ್ಲಿ ಬರೋದು ಏನು, ನೀವೇ ಯೋಚನೆ ಮಾಡಿ. ಬಂಡೆ ಮುಚ್ಚಿದ್ರಿಂದ ಆ ತೂತು ಯಾರ ಕಣ್ಣಿಗೂ ಬೀಳಲ್ಲ.

ದಾರಿ ಇದೆ. ಕೊಟ್ಟೂರೇಶ್ವರನ ತೇರು ಬರೋ ದಿನ ಅಡ್ಡ ಇರೋದೆಲ್ಲ ಹೇಗೆ ಸರಿಯುತ್ತೆ ನೋಡಿದ್ದೀರಲ್ಲ? ‘ಮೊದಲು ಆ ಕಡೆಯೋರು’ ಅಂತ ಯಾರೂ ಅನ್ನಲ್ಲ. ಎಲ್ಲರಿಗೂ ಒಂದೇ ದಿನ, ಒಂದೇ ಅಳತೆ. ಚರಂಡಿಗೂ ಅದೇ ಬೇಕು. ಒಂದು ರಸ್ತೆ ಆರಿಸಿ, ಈ ತುದಿಯಿಂದ ಆ ತುದಿವರೆಗೂ ಒಂದೇ ದಿನಾಂಕದ ನೋಟಿಸ್ ಕೊಡಿ. ಯಾರಿಗೆ ಕೊಟ್ಟಿದೀವಿ ಅನ್ನೋ ಪಟ್ಟಿ ಕಚೇರಿ ಬೋರ್ಡಿಗೆ ಅಂಟಿಸಿ. ಮನೆಗೆ, ಅಂಗಡಿಗೆ ದಾಟೋಕೆ ಜಾಗ ಬೇಕೇ ಬೇಕು. ಹಾಗಾಗಿ ಇಬ್ಬರು ಎತ್ತಬಹುದಾದ ಸಣ್ಣ ಚಪ್ಪಡಿ ಹಾಕೋಕೆ ಬಿಡಿ. ತೆಗೆದ ಹೂಳನ್ನ ಅದೇ ದಿನ ಟ್ರ್ಯಾಕ್ಟರಿಗೆ ಹಾಕಿ. ಪಕ್ಕದಲ್ಲೇ ಗುಡ್ಡೆ ಹಾಕಿದ್ರೆ ಮುಂದಿನ ಮಳೆಗೆ ಅದು ವಾಪಸ್ ಚರಂಡಿಗೇ.

ಒಂದು ಎಚ್ಚರಿಕೆ. ಒತ್ತುವರಿ ತೆರವು ಅಂದ ತಕ್ಷಣ ಮೊದಲು ಎತ್ತೋದು ತಳ್ಳುಗಾಡಿಯನ್ನ, ಹೂವಿನ ಬುಟ್ಟಿಯನ್ನ. ಅದು ತಪ್ಪು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡೋವರೆಗೆ ಅವರನ್ನ ಎಬ್ಬಿಸೋ ಹಾಗಿಲ್ಲ. ತಳ್ಳುಗಾಡಿ ಸಂಜೆ ಮನೆಗೆ ಹೋಗುತ್ತೆ, ಸಿಮೆಂಟ್ ಬಂಡೆ ಹೋಗಲ್ಲ.

ಇನ್ನು ನಮ್ಮ ಪಾಲು. ದೂರನ್ನ ಬಾಯಲ್ಲಿ ಹೇಳಬೇಡಿ. ಬರೆದು ಕೊಡಿ, ಫೋಟೋ ಲಗತ್ತಿಸಿ, ಸ್ವೀಕೃತಿ ತಗೊಳ್ಳಿ, ಹಿಂಬರಹ ಕೇಳಿ. ಉತ್ತರ ಬರದಿದ್ರೆ ಮಾಹಿತಿ ಹಕ್ಕಿನಲ್ಲಿ ‘ನನ್ನ ಅರ್ಜಿ ಏನಾಯ್ತು’ ಅಂತ ಕೇಳಿ. 30 ದಿನದಲ್ಲಿ ಹೇಳಲೇಬೇಕು. ಆಸ್ತಿ ತೆರಿಗೆ ಬಾಕಿ ಇದ್ರೆ ಕಟ್ಟಿ. ಏಪ್ರಿಲ್‌ನಲ್ಲಿ ಕಟ್ಟಿದ್ರೆ ಶೇ 5 ರಿಯಾಯಿತಿ ಇದೆ. ರಸೀದಿ ಕೈಯಲ್ಲಿದ್ರೆ ಪ್ರಶ್ನೆ ಕೇಳೋ ದನಿ ಗಟ್ಟಿಯಾಗುತ್ತೆ.

ಕೂಡ್ಲಿಗಿಯಲ್ಲಿ ಗಾಂಧೀಜಿ ಚಿತಾಭಸ್ಮದ ಸ್ಮಾರಕ ಇದೆ. ಅಕ್ಟೋಬರ್ 2ಕ್ಕೆ ಅಲ್ಲಿ ಹೂವಿನ ಹಾರ ಬೀಳುತ್ತೆ. ಪೊರಕೆಯನ್ನ ತಾನೇ ಹಿಡಿದ ಆ ಮುದುಕ ಬದುಕಿದ್ದಿದ್ರೆ, ನಮ್ಮ ಅರ್ಜಿ ಓದೋಕೂ ಮುಂಚೆ ನಮ್ಮ ಬಾಗಿಲ ಮುಂದಿನ ಬಂಡೆ ನೋಡಿರ್ತಿದ್ರು.

ಹೊರಡೋವಾಗ ಆ ಅಂಗಡಿ ಯಜಮಾನರು ಕೂಗಿ ಹೇಳಿದ್ರು: ‘ಎಲ್ಲರದ್ದೂ ತೆಗೆಸ್ತಾರೆ ಅಂದ್ರೆ ನಂದು ಮೊದಲು ತೆಗೀತೀನ್ರಿ ಸರ್.’ ಈ ಮಾತು ಐದೂ ಊರಿನ ಮುಖ್ಯಾಧಿಕಾರಿಗಳಿಗೆ ಕೇಳಿಸಲಿ ಅಂತಾನೇ ಇಲ್ಲಿ ಹೇಳಿದೀನಿ. ಜನ ತಯಾರಿದಾರೆ. ನೋಟಿಸ್ ಮಾತ್ರ ಆ ತುದಿಯ ದೊಡ್ಡ ಅಂಗಡಿಗೂ ಹೋಗಬೇಕು.